ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಅಪ್ಪನ ತಾಳಮದ್ದಳೆ ತಿಳಿಯಾಗಿ ಕೇಳುತ್ತದೆಯೇ?

ಪ್ರಶ್ನೆ: ನಮ್ಮ ಅಪ್ಪ ಶಿರಸಿ, ಸಿದ್ದಾಪುರದ ಕಡೆ ಎಲ್ಲೇ ತಾಳಮದ್ದಳೆ ಇದ್ದರೂ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. 1980ರಿಂದ 95ರವರೆಗಿನ 60 ಕ್ಯಾಸೆಟ್ ಮನೆಯಲ್ಲಿವೆ. ಅಪ್ಪ ಈಗಿಲ್ಲ. ಹದಿನೈದು ವರ್ಷದ ಹಿಂದೆ ಒಂದು ಅಂಗಡಿಗೆ ಕೊಟ್ಟು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿದ್ದೆ. ಅವರು ಕೊಟ್ಟ ಡಿವಿಡಿಗಳಲ್ಲಿ ಕೆಲವು ವೇವ್ ಫೈಲ್, ಕೆಲವು ಡಬ್ಲ್ಯುಎಂಎ, ಉಳಿದದ್ದು 64 ಕೆಬಿಪಿಎಸ್‌ನ ಎಂಪಿ3. ಕಾರಿನಲ್ಲಿ ಎಂಪಿ3 ಮಾತ್ರ ಓಡುತ್ತದೆ. ಎಲ್ಲವನ್ನೂ ಫ್ಲ್ಯಾಕ್‌ಗೆ ಕನ್ವರ್ಟ್ ಮಾಡಿದರೆ ಧ್ವನಿ ಸುಧಾರಿಸುತ್ತದೆ, ಹಳೆಯದನ್ನು ಡಿಲೀಟ್ ಮಾಡಬಹುದು ಅಂತ ಮಗ ಹೇಳುತ್ತಾನೆ. ಹಾಗೆ ಮಾಡಲೇ? ಅಮೆರಿಕದಲ್ಲಿರುವ ಅಕ್ಕನೂ ತನ್ನ ಐಫೋನಿಗೆ ಕಳಿಸು ಅನ್ನುತ್ತಾಳೆ. ಇನ್ನೊಂದು ತೊಂದರೆ, ಹಾಡಿನ ಹೆಸರು ಇರಬೇಕಾದ ಕಡೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ.

ಉತ್ತರ: ನಮಸ್ಕಾರ. ಮೊದಲು ಒಂದು ಮಾತು, ಯಾವ ಫೈಲನ್ನೂ ಇವತ್ತು ಡಿಲೀಟ್ ಮಾಡಬೇಡಿ. ಒಂದನ್ನೂ ಬೇಡ. ಆ ಡಿವಿಡಿಗಳನ್ನೂ ಎಸೆಯಬೇಡಿ. ಉಳಿದದ್ದನ್ನು ನಿಧಾನಕ್ಕೆ ನೋಡೋಣ.

ನಿಮ್ಮ ಮಗನ ಮಾತಿನಲ್ಲಿ ಅರ್ಧ ನಿಜ ಇದೆ. ಕಾಪಿಡುವುದಕ್ಕೆ ಫ್ಲ್ಯಾಕ್ ಒಳ್ಳೆಯ ಫಾರ್ಮ್ಯಾಟ್, ಅದರಲ್ಲಿ ಅನುಮಾನ ಬೇಡ. ಆದರೆ 64 ಕೆಬಿಪಿಎಸ್ ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಫೈಲು ಹಲವು ಪಟ್ಟು ದೊಡ್ಡದಾಗುತ್ತದೆಯೇ ಹೊರತು ಧ್ವನಿ ಒಂದು ಕೂದಲಿನಷ್ಟೂ ಸುಧಾರಿಸುವುದಿಲ್ಲ. ಎಂಪಿ3 ಮಾಡುವಾಗ ಬಿಸಾಕಿದ್ದು ಆ ಫೈಲಿನ ಒಳಗೆ ಎಲ್ಲೂ ಇಲ್ಲ. ಇಲ್ಲದ್ದನ್ನು ಯಾವ ಕನ್ವರ್ಟರೂ ತಂದುಕೊಡಲಾರದು.

ನಿಮ್ಮ ಕಡೆಯ ಉದಾಹರಣೆಯನ್ನೇ ಕೊಡುತ್ತೇನೆ. ಪಂಚೆಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿರಿ ಅನ್ನಿ. ಜಾಗ ಕಡಿಮೆ ಹಿಡಿಯುತ್ತದೆ. ಬಿಚ್ಚಿದರೆ ಅದೇ ಪಂಚೆ, ಒಂದು ಎಳೆಯೂ ಹೋಗಿರುವುದಿಲ್ಲ. ಫ್ಲ್ಯಾಕ್ ಮಾಡುವ ಕೆಲಸ ಇದು. ಹಲಸಿನ ಹಣ್ಣು ಬಿಡಿಸಿ ತೊಳೆ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟಿಗೆಗೆ ಹಾಕಿದಿರಿ ಅನ್ನಿ. ತಿನ್ನುವುದಕ್ಕೆ ಬೇಕಾದದ್ದು ತೊಳೆಯೇ, ಸರಿ. ಆದರೆ ಆ ತೊಳೆಗಳನ್ನು ಎಷ್ಟು ದೊಡ್ಡ ಬುಟ್ಟಿಯಲ್ಲಿ ತುಂಬಿದರೂ ಅದು ಮತ್ತೆ ಇಡೀ ಹಣ್ಣಾಗುವುದಿಲ್ಲ. ಎಂಪಿ3, ಡಬ್ಲ್ಯುಎಂಎ, ಎಎಸಿ ಮಾಡುವ ಕೆಲಸ ಅದು. ಎಂಪಿ3ಯನ್ನು ಫ್ಲ್ಯಾಕ್ ಮಾಡುವುದೆಂದರೆ ಬುಟ್ಟಿ ಬದಲಾಯಿಸಿದಂತೆ, ಅಷ್ಟೇ.

ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸಿ.ಡಿ. ಗುಣಮಟ್ಟದ ವೇವ್ ಫೈಲಿನಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ಒಂದೊಂದು ಅಳತೆಗೂ 16 ಬಿಟ್. ಎಡ, ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್, ಅಂದರೆ ಸುಮಾರು 1,411 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಸಾವಿರ ಬಿಟ್ ಅನ್ನುವ ಲೆಕ್ಕ, ಇದೇ ಬಿಟ್‌ರೇಟ್). ನಿಮಿಷಕ್ಕೆ ಹತ್ತೂವರೆ ಎಂಬಿ. 90 ನಿಮಿಷದ ಒಂದು ಕ್ಯಾಸೆಟ್‌ಗೆ ಸುಮಾರು 950 ಎಂಬಿ. ನಿಮ್ಮ ಎಂಪಿ3 ಇರುವುದು 64 ಕೆಬಿಪಿಎಸ್. ಅದೇ ಕ್ಯಾಸೆಟ್ 43 ಎಂಬಿಯಲ್ಲಿ ಕೂತಿದೆ. ಇಪ್ಪತ್ತೆರಡು ಪಾಲಿನಲ್ಲಿ ಒಂದು ಪಾಲು ಉಳಿದಿದೆ.

ಇಷ್ಟು ಕಡಿಮೆ ಮಾಡಿದರೂ ಪದ, ಅರ್ಥ ಎಲ್ಲ ಕೇಳುತ್ತದಲ್ಲ, ಹೇಗೆ? ಅದೇ ಎಂಪಿ3 ಮಾಡಿದವರ ಜಾಣ್ಮೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಜೊತೆಯವರು ಮನುಷ್ಯನ ಕಿವಿಯ ಒಂದು ಗುಣವನ್ನು ಹಿಡಿದರು. ಜೋರಾದ ಸದ್ದಿನ ಪಕ್ಕದಲ್ಲೇ ಸಣ್ಣ ಸದ್ದು ಇದ್ದರೆ ಕಿವಿಗೆ ಅದು ಗೊತ್ತಾಗುವುದಿಲ್ಲ. ಜಾತ್ರೆಯಲ್ಲಿ ಡೋಲು ಹೊಡೆಯುವಾಗ ಪಕ್ಕದವರು ಪಿಸುಗುಟ್ಟಿದ್ದು ಕೇಳುವುದಿಲ್ಲ, ಅಲ್ವಾ? ಕೇಳದೇ ಹೋಗುವುದನ್ನು ಬರೆಯುವುದೇಕೆ ಅಂತ ಅದನ್ನು ಬಿಟ್ಟುಬಿಟ್ಟರು. 1993ರಲ್ಲಿ ಇದು ಅಂತರರಾಷ್ಟ್ರೀಯ ಮಾನದಂಡವಾಗಿ ಪ್ರಕಟವಾಯಿತು. 1995ರ ಜುಲೈನಲ್ಲಿ ಫೈಲಿನ ಬಾಲಕ್ಕೆ 'ಎಂಪಿ3' ಅನ್ನುವ ಹೆಸರು ಬಂತು. 128 ಕೆಬಿಪಿಎಸ್ ಮೇಲೆ ಈ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ. 192ರ ಹತ್ತಿರ ಬಂದರೆ ಹೆಚ್ಚಿನವರ ಕಿವಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸ್ಟೀರಿಯೊದಲ್ಲಿ 64 ಅಂದರೆ ಮಾತ್ರ ಹಾಗಲ್ಲ. ಅಲ್ಲಿ ಕೇಳುವುದನ್ನೂ ಬಿಡಲೇಬೇಕಾಗುತ್ತದೆ.

ಏನು ಹೋಗಿದೆ ಅಂತ ನೀವೇ ಕೇಳಿ ನೋಡಬಹುದು. ಒಂದು 64ರ ಎಂಪಿ3 ತೆಗೆದುಕೊಳ್ಳಿ. ಅರ್ಥಧಾರಿ ಮಾತಾಡುವ ಕಡೆ ಬೇಡ. ಮಾತು ಕಡಿಮೆ ಬಿಟ್‌ರೇಟಿನಲ್ಲೂ ಚೆನ್ನಾಗಿಯೇ ಉಳಿಯುತ್ತದೆ. ಏರು ಪದ್ಯಕ್ಕೆ ಚಂಡೆ ಏಳುವ ಜಾಗಕ್ಕೆ ಹೋಗಿ, ಹೆಡ್‌ಫೋನ್ ಹಾಕಿಕೊಳ್ಳಿ. ಪೆಟ್ಟು ಬೀಳುವುದಕ್ಕೆ ಸ್ವಲ್ಪ ಮೊದಲು, ತೀರಾ ಸ್ವಲ್ಪ ಮೊದಲು, 'ಸ್ಸ್' ಅಂತ ಒಂದು ಸಣ್ಣ ಒರಸಿದ ಸದ್ದು ಬರುತ್ತದೆ. ಚಂಡೆಯ ಕೋಲು ಚರ್ಮಕ್ಕೆ ಖಡಕ್ಕಾಗಿ ಬೀಳುವ ಬದಲು ಏನೋ ಬಟ್ಟೆ ಸುತ್ತಿ ಬಡಿದಂತೆ ಕೇಳುತ್ತದೆ. ಕಾರಣ ಹೀಗಿದೆ: ಎಂಪಿ3 ಧ್ವನಿಯನ್ನು 1,152 ಅಳತೆಗಳ ತುಂಡು ತುಂಡಾಗಿ ನೋಡುತ್ತದೆ. ಒಂದು ತುಂಡು ಸುಮಾರು 26 ಮಿಲಿಸೆಕೆಂಡ್. ಬಿಟ್ ಕಡಿಮೆ ಇದ್ದಾಗ ಹುಟ್ಟುವ ಗದ್ದಲ ಪೆಟ್ಟಿನ ಜಾಗದಲ್ಲಿ ಮಾತ್ರ ನಿಲ್ಲದೆ ತುಂಡಿನ ಉದ್ದಕ್ಕೂ ಹರಡುತ್ತದೆ. ಪೆಟ್ಟಿನ ಹಿಂದಿನ ಮೌನಕ್ಕೂ ಮೆತ್ತಿಕೊಳ್ಳುತ್ತದೆ. ಇದನ್ನು ತಡೆಯಲು ಎಂಪಿ3ಯಲ್ಲಿ ಸಣ್ಣ ತುಂಡು ಮಾಡುವ ಉಪಾಯವೂ ಇದೆ. ಆದರೆ ಅದಕ್ಕೆ ಬಿಟ್ ಜಾಸ್ತಿ ಬೇಕು. 64ರಲ್ಲಿ ಎಲ್ಲಿಂದ ತರುವುದು?

ಭಾಗವತರ ತಾಳವೂ ಹಾಗೆಯೇ. ಕಂಚಿನ ತಾಳದ ಮೇಲಿನ ಕಂಪನಗಳು ಬಹಳ ಎತ್ತರಕ್ಕೆ ಹೋಗುತ್ತವೆ. ಎಂಪಿ3 ಮಾಡುವ ತಂತ್ರಾಂಶ ಬಿಟ್ ಉಳಿಸಲು ಮೊದಲು ಕತ್ತರಿ ಹಾಕುವುದು ಅಲ್ಲಿಗೇ. 'ಟಿಣ್' ಅನ್ನುವುದು ಹೋಗಿ 'ಟಿಶ್' ಉಳಿಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2005ರ ಸುಮಾರಿಗೆ ನನ್ನ ಸೋದರಮಾವನ ಭಾಗವತಿಕೆಯ ಎರಡು ಕ್ಯಾಸೆಟ್‌ಗಳನ್ನು ನಾನೇ ಕಂಪ್ಯೂಟರಿಗೆ ಹಾಕಿದ್ದೆ. ವೇವ್ ಫೈಲ್ ಚೆನ್ನಾಗಿ ಬಂದಿತ್ತು. ಆಗ ನನ್ನ ಹಾರ್ಡ್‌ಡಿಸ್ಕ್ 40 ಜಿಬಿ. ಜಾಗ ಸಾಲದು ಅಂತ ಎಲ್ಲವನ್ನೂ 64ರ ಡಬ್ಲ್ಯುಎಂಎ ಮಾಡಿ ವೇವ್ ಅಳಿಸಿದೆ. ಕೆಲವು ವರ್ಷ ಬಿಟ್ಟು ಕಾರಿಗೆ ಬೇಕು ಅಂತ ಆ ಡಬ್ಲ್ಯುಎಂಎಯನ್ನು ಎಂಪಿ3 ಮಾಡಿ, ಡಬ್ಲ್ಯುಎಂಎಯನ್ನೂ ಅಳಿಸಿದೆ. ಕ್ಯಾಸೆಟ್ ಇದೆಯಲ್ಲ ಅನ್ನುವ ಧೈರ್ಯ. ಮಾವ ತೀರಿಕೊಂಡ ಮೇಲೆ ಕ್ಯಾಸೆಟ್ ತೆಗೆದು ನೋಡಿದರೆ ಮಳೆಗಾಲದ ತೇವಕ್ಕೆ ಟೇಪಿನ ಮೇಲೆಲ್ಲ ಬಿಳಿ ಬೂಷ್ಟು. ಹಾಕಿದ ಕಡೆ ಟೇಪ್ ಅಂಟಿ ಹರಿಯಿತು. ಈಗ ಉಳಿದಿರುವುದು ಎರಡು ಸಲ ಸೋಸಿದ ಆ ಎಂಪಿ3 ಮಾತ್ರ. ಮಾವನ ದನಿ ಇದೆ. ಆದರೆ ಎತ್ತರದ ಸ್ವರದಲ್ಲಿ ನಿಂತಾಗ ನೀರಿನೊಳಗಿಂದ ಹಾಡಿದಂತೆ ಗುಳುಗುಳು ಕೇಳುತ್ತದೆ. ಆ ಒಂದು ಜಾಗ ಬಂದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮಗೆ ಹಾಗಾಗಬಾರದು.

ಇಲ್ಲಿ ಗಮನಿಸಬೇಕಾದದ್ದು, ಬಿಸಾಕುವ ಫಾರ್ಮ್ಯಾಟಿನಿಂದ ಬಿಸಾಕುವ ಫಾರ್ಮ್ಯಾಟಿಗೆ ಹೋದಾಗಲೆಲ್ಲ ಮತ್ತಷ್ಟು ಹೋಗುತ್ತದೆ. ಹಿಂದೆ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಕಾಪಿ ಮಾಡುತ್ತಿದ್ದದ್ದು ನೆನಪಿದೆಯಲ್ಲ? ಮೂರನೇ ಕಾಪಿಗೆ ಬರುವಾಗ ಬರೀ ಸುಯ್ ಅನ್ನುವ ಸದ್ದು. ಇದೂ ಅದೇ ಜಾತಿಯದು. ಫ್ಲ್ಯಾಕ್‌ನಿಂದ ವೇವ್, ವೇವ್‌ನಿಂದ ಫ್ಲ್ಯಾಕ್, ಹೀಗೆ ನೂರು ಸಲ ಓಡಾಡಿದರೂ ಏನೂ ಆಗುವುದಿಲ್ಲ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಮಗನನ್ನೂ ಕೂರಿಸಿಕೊಳ್ಳಿ, ಅವನಿಗೂ ಇಷ್ಟವಾಗುತ್ತದೆ. ನಿಮ್ಮ ಒಂದು ವೇವ್ ಫೈಲಿನಿಂದ ಎರಡು ಕಾಪಿ ಮಾಡಿ, ಒಂದು ಫ್ಲ್ಯಾಕ್, ಒಂದು 64ರ ಎಂಪಿ3. ಆಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ಮೂಲ ವೇವ್ ಮತ್ತು ಫ್ಲ್ಯಾಕ್ ಎರಡನ್ನೂ ಒಂದರ ಕೆಳಗೆ ಒಂದು ತೆರೆಯಿರಿ. ಫ್ಲ್ಯಾಕ್‌ನ ಪಟ್ಟಿಯನ್ನು ಆಯ್ಕೆ ಮಾಡಿ 'ಇನ್ವರ್ಟ್' ಒತ್ತಿ. ಅಲೆ ತಲೆಕೆಳಗಾಗುತ್ತದೆ. ಈಗ ಎರಡನ್ನೂ ಒಟ್ಟಿಗೆ ಪ್ಲೇ ಮಾಡಿ. ಮೇಲಿನ ಅಲೆಗೂ ಕೆಳಗಿನ ಅಲೆಗೂ ಸರಿಹೋಗಿ ಪೂರ್ತಿ ಮೌನ. ಮಡಿಸಿಟ್ಟ ಪಂಚೆ ಹಾಗೇ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಫ್ಲ್ಯಾಕ್ ತೆಗೆದು ಎಂಪಿ3 ಹಾಕಿ ಅದನ್ನೇ ಮಾಡಿ. ಎಂಪಿ3ಯ ಶುರುವಿನಲ್ಲಿ ಕೆಲವೊಮ್ಮೆ ಚೂರು ಮೌನ ಸೇರಿಕೊಂಡಿರುತ್ತದೆ. ಜೂಮ್ ಮಾಡಿ ಎರಡೂ ಅಲೆಗಳನ್ನು ಒಂದೇ ಗೆರೆಗೆ ತನ್ನಿ. ಈ ಸಲ ಮೌನ ಬರುವುದಿಲ್ಲ. ಚಂಡೆಯ ತುದಿ, ತಾಳದ ಕೊನೆ, ಭಾಗವತರು ಉಸಿರೆಳೆದುಕೊಂಡ ಸದ್ದು, ಎಲ್ಲವೂ ಒಂದು ತರಹದ ಪಿಸುಪಿಸುವಾಗಿ ಕೇಳುತ್ತದೆ. ಅದು ಮೂಲಕ್ಕೂ ಎಂಪಿ3ಗೂ ಇರುವ ವ್ಯತ್ಯಾಸ. ಮೊದಲ ಸಲ ಅದನ್ನು ಕೇಳಿದ ದಿನ ನಾನು ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಈಗ ನಿಮ್ಮ ಫೈಲುಗಳಿಗೆ ಬರೋಣ.

ವೇವ್ ಇರುವವು ನಿಮ್ಮ ಚಿನ್ನ. ಅವುಗಳನ್ನು ಫ್ಲ್ಯಾಕ್ ಮಾಡಿ. ವಿಂಡೋಸ್‌ನಲ್ಲಿ ಫ್ರೀಎಸಿ ಅಥವಾ ಫೂಬಾರ್2000, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಎಲ್ಲವೂ ಉಚಿತ. ಫ್ಲ್ಯಾಕ್‌ನಲ್ಲಿ 0ರಿಂದ 8ರವರೆಗೆ ಮಟ್ಟಗಳಿರುತ್ತವೆ. ಅದು ಗುಣಮಟ್ಟ ಅಂತ ತಿಳಿದು ಗಾಬರಿಯಾಗಬೇಡಿ. ಎಷ್ಟು ಬಿಗಿಯಾಗಿ ಮಡಿಸಬೇಕು ಅನ್ನುವುದಷ್ಟೇ ಅದು. 5ರಲ್ಲಿ ಬಿಡಿ. ಸ್ಟುಡಿಯೋದ ಹಾಡು ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲಿನ ನಡುವೆ ಎಲ್ಲೋ ನಿಲ್ಲುತ್ತದೆ. ಕ್ಯಾಸೆಟ್ ಅಷ್ಟು ಚೆನ್ನಾಗಿ ಮಡಚಿಕೊಳ್ಳುವುದಿಲ್ಲ. ಟೇಪಿನ ಸುಯ್ ಸದ್ದಿಗೆ ಯಾವ ಕ್ರಮವೂ ಇರುವುದಿಲ್ಲ ನೋಡಿ, ಕ್ರಮ ಇಲ್ಲದ್ದನ್ನು ಮಡಿಸುವುದು ಕಷ್ಟ. ಆದರೂ ಒಂದು ಅನುಕೂಲ ಇದೆ. ಆ ಕಾಲದ ಹೆಚ್ಚಿನ ಮನೆ ಟೇಪ್‌ರೆಕಾರ್ಡರ್‌ಗಳು ಮೋನೋ. ಅಪ್ಪನದೂ ಮೋನೋ ಆಗಿದ್ದರೆ ಎಡಕ್ಕೂ ಬಲಕ್ಕೂ ಇರುವುದು ಒಂದೇ ಧ್ವನಿ. ಫ್ಲ್ಯಾಕ್ ಇದನ್ನು ತಾನೇ ಕಂಡುಹಿಡಿದು ಜಾಗ ಉಳಿಸುತ್ತದೆ. ನೀವು ಕೈಯಾರೆ ಮೋನೋ ಮಾಡುವ ಅಗತ್ಯವಿಲ್ಲ, ಮೂಲದಲ್ಲಂತೂ ಬೇಡ.

ಫ್ಲ್ಯಾಕ್‌ನಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಣವಿದೆ. ಫೈಲಿನ ತಲೆಯಲ್ಲೇ ಮೂಲ ಧ್ವನಿಯ ಒಂದು ಬೆರಳಚ್ಚು ಬರೆದಿರುತ್ತದೆ. ಎಂಡಿ5 ಅಂತ ಅದರ ಹೆಸರು. ಹತ್ತು ವರ್ಷ ಬಿಟ್ಟು 'ಟೆಸ್ಟ್' ಕೊಟ್ಟರೆ ತಂತ್ರಾಂಶ ಫೈಲನ್ನು ಪೂರ್ತಿ ಬಿಚ್ಚಿ, ಬಂದ ಧ್ವನಿಗೂ ಆ ಬೆರಳಚ್ಚಿಗೂ ತಾಳೆ ನೋಡುತ್ತದೆ. ಹಾರ್ಡ್‌ಡಿಸ್ಕ್ ಕೆಟ್ಟು ಒಂದು ಬಿಟ್ ಆಚೀಚೆ ಆಗಿದ್ದರೂ ಹೇಳಿಬಿಡುತ್ತದೆ. ವೇವ್‌ನಲ್ಲಿ ಈ ವ್ಯವಸ್ಥೆ ಇಲ್ಲ. ಸುಮ್ಮನೆ ಕೇಳಿಕೊಂಡು ಹೋದರೆ ನಮಗೂ ಗೊತ್ತಾಗುವುದಿಲ್ಲ. 60 ಕ್ಯಾಸೆಟ್ ಅಂದರೆ 90 ಗಂಟೆ, ಯಾರು ಕೂತು ಕೇಳುತ್ತಾರೆ? ಆದ್ದರಿಂದ ಫ್ಲ್ಯಾಕ್ ಮಾಡಿ, ಟೆಸ್ಟ್ ಮಾಡಿ, ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ಇಷ್ಟೂ ಆದ ಮೇಲೆ ವೇವ್ ಅಳಿಸಿದರೆ ನನ್ನ ಅಭ್ಯಂತರ ಇಲ್ಲ.

ಡಬ್ಲ್ಯುಎಂಎ ಫೈಲುಗಳನ್ನು ಹಾಗೇ ಇಟ್ಟುಕೊಳ್ಳಿ. ಆ ಕ್ಯಾಸೆಟ್‌ಗಳ ಮಟ್ಟಿಗೆ ಸದ್ಯಕ್ಕೆ ಅವೇ ಮೂಲ. ಕಾರಿಗೆ ಬೇಕಲ್ಲ, ಅದಕ್ಕೆ ಅವುಗಳಿಂದ ಎಂಪಿ3 ಕಾಪಿ ಮಾಡಿ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಮೂಲ 64 ಇದೆ, ಹಾಗಾಗಿ ಎಂಪಿ3ಯೂ 64 ಸಾಕು ಅನ್ನುತ್ತಾರೆ. ಸಾಲದು. ಡಬ್ಲ್ಯುಎಂಎ ಬಿಸಾಕಿದ್ದು ಒಂದು ರೀತಿ, ಎಂಪಿ3 ಬಿಸಾಕುವುದು ಇನ್ನೊಂದು ರೀತಿ. ಡಬ್ಲ್ಯುಎಂಎ ಬಿಟ್ಟುಹೋದ ಗದ್ದಲವನ್ನೂ ಎಂಪಿ3 ಸಂಗೀತವೇ ಅಂದುಕೊಂಡು ಅದಕ್ಕೂ ಬಿಟ್ ಖರ್ಚು ಮಾಡುತ್ತದೆ. ಆದ್ದರಿಂದ ಕನಿಷ್ಠ 128, ಸಾಧ್ಯವಾದರೆ 160 ಕೊಡಿ. ಧ್ವನಿ ಸುಧಾರಿಸಲಿ ಅಂತಲ್ಲ, ಇರುವುದು ಮತ್ತೆ ಕರಗದಿರಲಿ ಅಂತ. ಕೆಲವು ಹಳೆಯ ಡಬ್ಲ್ಯುಎಂಎಗಳಿಗೆ ಕಾಪಿ ತಡೆಯುವ ಬೀಗ ಹಾಕಿರುತ್ತಾರೆ. ಅವು ಮಾಡಿದ ಕಂಪ್ಯೂಟರ್ ಬಿಟ್ಟು ಬೇರೆ ಕಡೆ ತೆರೆಯುವುದಿಲ್ಲ. ನಿಮ್ಮವು ತೆರೆದು ಓಡುತ್ತಿದ್ದರೆ ಆ ಚಿಂತೆ ಇಲ್ಲ.

64ರ ಎಂಪಿ3ಗಳನ್ನು ಮುಟ್ಟಲೇಬೇಡಿ. ಕಾರಿನಲ್ಲಿ ಓಡುತ್ತವೆ, ಸಾಕು. 64ನ್ನು 320 ಮಾಡುವುದೂ ಬೇಡ, ಫ್ಲ್ಯಾಕ್ ಮಾಡುವುದೂ ಬೇಡ.

ಹಾಗಂತ ಬಾಲ ಬದಲಿಸಿದರೆ ಕನ್ವರ್ಟ್ ಆಗುತ್ತದೆ ಅಂತ ಫೈಲಿನ ಹೆಸರಿನ ಕೊನೆಯಲ್ಲಿ ಡಬ್ಲ್ಯುಎಂಎ ಅಳಿಸಿ ಎಂಪಿ3 ಅಂತ ಬರೆಯುವವರೂ ಇದ್ದಾರೆ. ಡಬ್ಬಿಯ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಸಕ್ಕರೆ ಬೆಲ್ಲವಾಗುವುದಿಲ್ಲ. ಕಂಪ್ಯೂಟರಿನಲ್ಲಿ ಕೆಲವು ಪ್ಲೇಯರ್‌ಗಳು ಒಳಗೆ ಇಣುಕಿ ನೋಡಿ ಸರಿಯಾಗಿಯೇ ನುಡಿಸುತ್ತವೆ. ಹಾಗಾಗಿ ಕೆಲಸ ಆಯಿತು ಅನ್ನಿಸುತ್ತದೆ. ಕಾರು ಒಪ್ಪುವುದಿಲ್ಲ.

ಮಗ ಈಗಾಗಲೇ ಕೆಲವನ್ನು ಫ್ಲ್ಯಾಕ್ ಮಾಡಿ ಮಿಶ್ರ ಮಾಡಿಬಿಟ್ಟಿದ್ದರೆ ಯಾವುದು ಅಸಲಿ, ಯಾವುದು ಎಂಪಿ3ಯಿಂದ ಬಂದದ್ದು ಅಂತ ಕಣ್ಣಿನಿಂದಲೇ ಕಂಡುಹಿಡಿಯಬಹುದು. ಸ್ಪೆಕ್ ಅನ್ನುವ ಪುಟ್ಟ ತಂತ್ರಾಂಶಕ್ಕೆ ಫೈಲ್ ಎಳೆದು ಹಾಕಿದರೆ ಧ್ವನಿಯ ಚಿತ್ರ ಬರುತ್ತದೆ. ಕೆಳಗೆ ತಗ್ಗಿನ ಸ್ವರ, ಮೇಲೆ ಎತ್ತರದ್ದು. ಕ್ಯಾಸೆಟ್‌ನಿಂದ ನೇರವಾಗಿ ಬಂದದ್ದಾದರೆ ಬಣ್ಣ ಮೇಲಕ್ಕೆ ಹೋಗುತ್ತಾ ನಿಧಾನಕ್ಕೆ ಮಸುಕಾಗುತ್ತದೆ, ಬೆಟ್ಟದ ಮೇಲಿನ ಮಂಜಿನ ಹಾಗೆ. ಎಂಪಿ3ಯಿಂದ ಬಂದದ್ದಾದರೆ ಒಂದು ಎತ್ತರದಲ್ಲಿ ಅಳತೆಪಟ್ಟಿ ಇಟ್ಟು ಕೊಯ್ದಂತೆ ಬಣ್ಣ ನಿಂತುಬಿಡುತ್ತದೆ. 128ಕ್ಕೆ ಆ ಗೆರೆ ಸುಮಾರು 16 ಕಿಲೋಹರ್ಟ್ಜ್‌ನ ಹತ್ತಿರ. 64ಕ್ಕೆ ಇನ್ನೂ ಬಹಳ ಕೆಳಗೆ. ಸಿನಿಮಾ ಹಾಡಿನ ಫ್ಲ್ಯಾಕ್ ಅಂತ ಅಲ್ಲಿ ಇಲ್ಲಿ ಹಂಚುವ ಫೈಲುಗಳನ್ನೂ ಹೀಗೆ ನೋಡಿ. ಎಷ್ಟೋ ಕಡೆ ಆ ಗೆರೆ ಕಾಣುತ್ತದೆ.

ವೇವ್ ಇರುವ ಕ್ಯಾಸೆಟ್‌ಗಳ ಕಾರಿನ ಕಾಪಿಗೆ ಲೇಮ್ ಅನ್ನುವ ಎಂಪಿ3 ಎನ್‌ಕೋಡರ್ ಬಳಸಿ. ಮೇಲೆ ಹೇಳಿದ ತಂತ್ರಾಂಶಗಳು ಅದನ್ನೇ ಉಪಯೋಗಿಸುತ್ತವೆ. ಬಿಟ್‌ರೇಟ್ ಒಂದೇ ಸಮ ಇಡುವ ಬದಲು 'ವಿಬಿಆರ್' ಆರಿಸಿ, ಮಟ್ಟ ವಿ2. ಸ್ಟೀರಿಯೊ ಸಂಗೀತಕ್ಕೆ ಸರಾಸರಿ 190ರ ಆಸುಪಾಸು ಬರುತ್ತದೆ. ಬರೀ ಮಾತು ನಡೆಯುವಾಗ ಅದೇ ಕಡಿಮೆ ಬಿಟ್ ತೆಗೆದುಕೊಳ್ಳುತ್ತದೆ, ಚಂಡೆ ಎದ್ದಾಗ ಜಾಸ್ತಿ. ಒಂದು ಪದ್ಯ, ಆಮೇಲೆ ಇಪ್ಪತ್ತು ನಿಮಿಷ ಅರ್ಥ ಅಂತ ಸಾಗುವ ತಾಳಮದ್ದಳೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಪೆನ್‌ಡ್ರೈವ್ ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆಗಿರಲಿ. ಬಹಳಷ್ಟು ಕಾರಿನ ಸ್ಟೀರಿಯೊಗಳಿಗೆ ಬೇರೆಯದು ಓದಲು ಬರುವುದಿಲ್ಲ. 'ಪೆನ್‌ಡ್ರೈವ್ ಹಾಳಾಗಿದೆ' ಅಂತ ಬಿಸಾಕಿದವುಗಳಲ್ಲಿ ಎಷ್ಟೋ ಇದೇ ಕಾರಣದವು.

ಕ್ಯಾಸೆಟ್‌ನ ಎ ಬದಿ ಮುಗಿದು ಬಿ ಬದಿ ಶುರುವಾಗುವ ಕಡೆ ಪದ್ಯ ತುಂಡಾಗಿರುತ್ತದಲ್ಲ, ಅದನ್ನು ಜೋಡಿಸುವುದಿದ್ದರೆ ವೇವ್ ಅಥವಾ ಫ್ಲ್ಯಾಕ್ ಇರುವಾಗಲೇ ಜೋಡಿಸಿ, ಆಮೇಲೆ ಎಂಪಿ3 ಮಾಡಿ. ಎರಡು ಎಂಪಿ3 ಬೇರೆ ಬೇರೆ ಮಾಡಿ ಒಂದರ ಹಿಂದೆ ಒಂದು ಹಾಕಿದರೆ ನಡುವೆ ಚೂರು ಮೌನ ಸೇರಿಕೊಳ್ಳುತ್ತದೆ. ಭಾಗವತರ ಆಲಾಪದ ಮಧ್ಯೆ ಅದು ಕಿವಿಗೆ ಮುಳ್ಳು ಚುಚ್ಚಿದಂತೆ ಆಗುತ್ತದೆ.

ಅಕ್ಕನ ವಿಷಯ ಸುಲಭ. ಐಫೋನಿನ ಫೈಲ್ಸ್ ಆ್ಯಪ್‌ನಲ್ಲಿ ಫ್ಲ್ಯಾಕ್ ಓಡುತ್ತದೆ. ಆದರೆ ಮ್ಯೂಸಿಕ್ ಆ್ಯಪ್‌ನ ಪಟ್ಟಿಯಲ್ಲಿ ಬರಬೇಕು ಅಂದರೆ ಫ್ಲ್ಯಾಕನ್ನು ಆ್ಯಪಲ್‌ನವರದೇ ಆದ ಎಎಲ್‌ಎಸಿಗೆ ಬದಲಿಸಬೇಕು. ಅದೂ ಮಡಿಸಿಡುವ ಜಾತಿಯದೇ. ಏನೂ ಹೋಗುವುದಿಲ್ಲ, ಯಾವಾಗ ಬೇಕಾದರೂ ವಾಪಸು ಫ್ಲ್ಯಾಕ್ ಮಾಡಬಹುದು. ಗೂಗಲ್ ಡ್ರೈವ್‌ನಲ್ಲಿ ಹಾಕಿ ಲಿಂಕ್ ಕಳಿಸಿ. ಸ್ಪೀಕರ್ ಮುಂದೆ ಫೋನ್ ಹಿಡಿದು ವಾಯ್ಸ್ ನೋಟ್ ಮಾಡಿ ಕಳಿಸುವುದು ಮಾತ್ರ ಬೇಡ. ವಾಟ್ಸ್ಆ್ಯಪ್ ವಾಯ್ಸ್ ನೋಟ್ ಮಾತಿಗಾಗಿ ತೀರಾ ಹಿಂಡಿದ ಓಪಸ್ ಫೈಲು, ಅದರ ಮೇಲೆ ಕೋಣೆಯ ಪ್ರತಿಧ್ವನಿ ಬೇರೆ.

ಕನ್ವರ್ಟ್ ಮಾಡಿಕೊಡುತ್ತೇವೆ ಅನ್ನುವ ವೆಬ್‌ಸೈಟ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 950 ಎಂಬಿ ಫೈಲನ್ನು ಎಲ್ಲೋ ಇರುವ ಕಂಪ್ಯೂಟರಿಗೆ ಅಪ್‌ಲೋಡ್ ಮಾಡಿ ವಾಪಸು ತರಿಸಿಕೊಳ್ಳುವ ಕೆಲಸವನ್ನು ನಿಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ಎರಡು ಮೂರು ನಿಮಿಷದಲ್ಲಿ ಮಾಡಿ ಮುಗಿಸುತ್ತದೆ. ಅಲ್ಲಿ ಯಾವ ಬಿಟ್‌ರೇಟ್ ಇಟ್ಟರು ಅನ್ನುವುದೂ ಎಷ್ಟೋ ಸಲ ತಿಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸಾಲು ಯಾವುದು ಗೊತ್ತಾ? '60 ಕ್ಯಾಸೆಟ್ ಮನೆಯಲ್ಲಿವೆ' ಅನ್ನುವುದು. 64ರ ಎಂಪಿ3 ಆಗಿರುವ ಕ್ಯಾಸೆಟ್‌ಗಳನ್ನು ಇನ್ನೊಂದು ಸಲ ಕಂಪ್ಯೂಟರಿಗೆ ಹಾಕಿ. ಧ್ವನಿ ಸುಧಾರಿಸಲು ಇರುವ ದಾರಿ ಅದೊಂದೇ, ಮತ್ತು ಆ ದಾರಿ ನಿಮಗೆ ಇನ್ನೂ ತೆರೆದಿದೆ. ಮೊದಲು ಟೇಪನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಚುಕ್ಕೆ ಕಂಡರೆ ಪ್ಲೇಯರ್‌ಗೆ ಹಾಕಬೇಡಿ, ಅನುಭವ ಇದ್ದವರಿಗೆ ಕೊಡಿ. ಚೆನ್ನಾಗಿದ್ದರೆ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸುತ್ತಿಸಿ. ಡೆಕ್ಕಿನ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಯಿಂದ ಒರಸಿ, ಐದಾರು ಕ್ಯಾಸೆಟ್‌ಗೆ ಒಮ್ಮೆಯಾದರೂ. ಧ್ವನಿ ಮಂಕಾಗಿದ್ದರೆ ಹೆಡ್‌ನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಓರೆ ಸರಿಮಾಡಬೇಕಾಗುತ್ತದೆ. ಗೊತ್ತಿದ್ದವರ ಕೈಯಲ್ಲಿ ಆ ಕಾಲು ಸುತ್ತು ತಿರುಗಿದರೆ ತಾಳದ 'ಟಿಣ್' ಒಮ್ಮೆಗೇ ಎದ್ದು ಬರುತ್ತದೆ. ಯಾವ ತಂತ್ರಾಂಶವೂ ಅಷ್ಟು ಕೊಡಲಾರದು. 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿ, ಚಂಡೆ ಏರಿದಾಗ ಕೆಂಪು ದೀಪ ಹತ್ತದಷ್ಟು ತಗ್ಗಿನಲ್ಲಿ. ನೇರ ಫ್ಲ್ಯಾಕ್‌ಗೆ ಉಳಿಸಿ. ಗದ್ದಲ ತೆಗೆಯುವ ಫಿಲ್ಟರ್ ಗಿಲ್ಟರ್ ಹಾಕುವುದಿದ್ದರೆ ಕಾಪಿಯ ಮೇಲೆ ಹಾಕಿ.

ಇನ್ನು ಆ ಅರ್ಥವಿಲ್ಲದ ಅಕ್ಷರಗಳು. ಅಂಗಡಿಯವರು ಹೆಸರುಗಳನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿರಬೇಕು. ಅವು ಎಲ್ಲ ಭಾಷೆಗೂ ಸೇರಿ ಇರುವ ಯೂನಿಕೋಡ್ ಸಂಕೇತಗಳು ಕನ್ನಡದಲ್ಲಿ ರೂಢಿಗೆ ಬರುವ ಮೊದಲಿನ ಪದ್ಧತಿಯವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಡೆ ತಲೆ ಮೇಲೆ ಚುಕ್ಕೆ, ಕೊಂಬು ಇರುವ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಹೆಸರು ಹೋಗಿಲ್ಲ, ಒಳಗೇ ಇದೆ. ಎಂಪಿ3ಟ್ಯಾಗ್ ಅನ್ನುವ ತಂತ್ರಾಂಶದಲ್ಲಿ ತೆರೆದು, ಆ ಸಾಲನ್ನು ಕಾಪಿ ಮಾಡಿ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ, ಬಂದ ಕನ್ನಡವನ್ನು ವಾಪಸು ಅಂಟಿಸಿ. ಧ್ವನಿಗೆ ಏನೂ ಆಗುವುದಿಲ್ಲ.

ಕೆಲವು ಹೆಸರುಗಳ ಬಾಲ ತುಂಡಾಗಿದ್ದರೂ ಆಶ್ಚರ್ಯಪಡಬೇಡಿ. ಫೈಲಿನೊಳಗೆ ಹಾಡಿನ ಹೆಸರು ಬರೆದಿಡುವ ಚೀಟಿಗೆ ಟ್ಯಾಗ್ ಅನ್ನುತ್ತಾರೆ, ಎಂಪಿ3ಯಲ್ಲಿ ಅದು ಐಡಿ3. ಅದರ ಮೊದಲ ತಲೆಮಾರಿನಲ್ಲಿ ಹೆಸರಿಗೆ ಇದ್ದ ಜಾಗ 30 ಬೈಟ್ ಮಾತ್ರ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಸ್ವರ ಚಿಹ್ನೆ, ಒತ್ತಿನ ಗುರುತು ಎಲ್ಲ ಸೇರಿ. 'ಭೀಷ್ಮ ವಿಜಯ' 28 ಬೈಟ್, ಸರಿಯಾಗಿ ಕೂರುತ್ತದೆ. 'ಕೃಷ್ಣ ಸಂಧಾನ' 31 ಬೈಟ್. ಒಂದು ಬೈಟ್ ಜಾಸ್ತಿಯಾಗಿ ಕೊನೆಯ 'ನ' ಉದುರುತ್ತದೆ. ಎರಡನೇ ತಲೆಮಾರಿನ ಐಡಿ3 ಟ್ಯಾಗ್ ಬಳಸಿದರೆ ಈ ತೊಂದರೆ ಇಲ್ಲ, ಫ್ಲ್ಯಾಕ್‌ನಲ್ಲೂ ಇಲ್ಲ. ಕಾರಿನ ಪರದೆಗೆ ಕನ್ನಡವೇ ಬಾರದೆ ಚೌಕ ಚೌಕ ಕಂಡರೆ ಪೆನ್‌ಡ್ರೈವಿನ ಕಾಪಿಗಳಿಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ಮೂಲದಲ್ಲಿ ಕನ್ನಡವೇ ಇರಲಿ.

ಮೂಲ ಫ್ಲ್ಯಾಕ್‌ನಲ್ಲಿ ಹೆಸರಿನ ಜೊತೆ ಭಾಗವತರು ಯಾರು, ಮದ್ದಳೆ ಯಾರು, ಯಾವ ಪಾತ್ರ ಯಾರದು, ಊರು, ದಿನಾಂಕ, ಯಾವ ಬದಿ ಎಲ್ಲ ಬರೆಯಿರಿ. ಅಕ್ಕನಿಗೆ ನೆನಪಿರುವುದನ್ನೂ ಕೇಳಿ ಸೇರಿಸಿ. ಕ್ಯಾಸೆಟ್ ಡಬ್ಬಿಯ ಚೀಟಿಯ ಮೇಲೆ ಅಪ್ಪ ಪ್ರಸಂಗದ ಹೆಸರು ಬರೆದಿಟ್ಟಿರುತ್ತಾರಲ್ಲ, ಅದರ ಒಂದು ಒಳ್ಳೆಯ ಫೋಟೊ ತೆಗೆಯಿರಿ. ಆಲ್ಬಮ್‌ನ ಚಿತ್ರ ಹಾಕುವ ಜಾಗ ಫ್ಲ್ಯಾಕ್‌ನ ಒಳಗೇ ಇದೆ. ಎಂಪಿ3ಟ್ಯಾಗ್‌ನಲ್ಲಿ ಫೋಟೊವನ್ನು ಅಲ್ಲಿಗೆ ಎಳೆದು ಬಿಟ್ಟರೆ ಸಾಕು, ಫೈಲಿನ ಜೊತೆಗೇ ಇರುತ್ತದೆ. ಎಎಲ್‌ಎಸಿ ಮಾಡುವಾಗ ಅದೂ ಜೊತೆಗೆ ಬಂತಾ ಅಂತ ಒಮ್ಮೆ ನೋಡಿಕೊಳ್ಳಿ. ಅಕ್ಕ ಅಲ್ಲಿ ಪ್ಲೇ ಒತ್ತಿದಾಗ ಫೋನಿನ ಪರದೆಯ ಮೇಲೆ ಅಪ್ಪನ ಕೈಬರಹ ಕಾಣಬೇಕು.